ಸಿಪಿಆರ್ ಕಲಿಯಬೇಕು, ಯಾವ ಬಾಗಿಲು ಬಡಿಯಲಿ?

ನಮ್ಮ ಕಾಲೇಜಿನ ಎಲೆಕ್ಟ್ರಿಕಲ್ ಮಷಿನ್ಸ್ ಲ್ಯಾಬಿನಲ್ಲಿ ಮೇನ್ ಸ್ವಿಚ್ಚಿನ ಪಕ್ಕ ಚೌಕಟ್ಟು ಹಾಕಿದ ಒಂದು ಹಳೇ ಚಿತ್ರಪಟ ತೂಗಾಡುತ್ತಿದೆ. ಐಟಿಐ, ಡಿಪ್ಲೊಮಾ, ಬಿ.ಇ. ಎಲ್ಲೇ ಎಲೆಕ್ಟ್ರಿಕಲ್ ಓದಿದವರಿಗೂ ಅದು ಪರಿಚಿತ. ವಿದ್ಯುತ್ ಆಘಾತವಾದವರಿಗೆ ಏನು ಮಾಡಬೇಕು ಎಂಬುದರ ಪಟ ಅದು. ಒಂದು ಚಿತ್ರದಲ್ಲಿ ಒಬ್ಬನನ್ನು ಬೋರಲು ಮಲಗಿಸಿ ಇನ್ನೊಬ್ಬ ಅವನ ಬೆನ್ನು ಒತ್ತುತ್ತಿದ್ದಾನೆ. ಪಕ್ಕದ ಚಿತ್ರದಲ್ಲಿ ಅಂಗಾತ ಮಲಗಿದವನ ಎರಡೂ ತೋಳುಗಳನ್ನು ತಲೆಯ ಹಿಂದಕ್ಕೆ ಎಳೆದು ಮತ್ತೆ ಎದೆಗೆ ತರುತ್ತಿದ್ದಾನೆ. ಎರಡು ವರ್ಷ ಅದರ ಕೆಳಗೆ ನಿಂತೇ ರೀಡಿಂಗ್ ಬರೆದುಕೊಂಡಿದ್ದೇನೆ. ಒಮ್ಮೆಯೂ ಓದಿರಲಿಲ್ಲ.

2025ರ ಬೇಸಿಗೆಯಲ್ಲಿ ಓದಬೇಕಾಯಿತು. ಶಹಾಪುರ ತಾಲ್ಲೂಕಿನ ನಮ್ಮೂರಿನಲ್ಲಿ ಪಕ್ಕದ ಹೊಲದ ಕಾಕಾ, ರಾತ್ರಿ ತ್ರೀಫೇಸ್ ಕರೆಂಟ್ ಬಂತೆಂದು ಮೋಟರ್ ಚಾಲೂ ಮಾಡಲು ಹೋಗಿ ಸ್ಟಾರ್ಟರ್ ಡಬ್ಬಿ ಮುಟ್ಟಿದವರು ಅಲ್ಲೇ ಬಿದ್ದರು. ಮಗ ಒಣ ಕಟ್ಟಿಗೆಯಿಂದ ವೈರು ಸರಿಸಿ ಫ್ಯೂಸ್ ಕಿತ್ತ. ಕೂಗು ಕೇಳಿ ನಾವೆಲ್ಲ ಓಡಿದೆವು. ಒಬ್ಬರು ಅಂಗಾಲು ತಿಕ್ಕಿದರು, ಒಬ್ಬರು ಮುಖಕ್ಕೆ ನೀರು ಹೊಡೆದರು. ಕಾಕಾ ಆಗೊಮ್ಮೆ ಈಗೊಮ್ಮೆ ಗೊರ್ ಎನ್ನುತ್ತಿದ್ದರು. ‘ಉಸಿರಾಡಾಕತ್ಯಾನ, ಏನೂ ಆಗಂಗಿಲ್ಲ’ ಎಂದು ಯಾರೋ ಅಂದರು. ಕಾಕಿ ನನ್ನ ತೋಳು ಹಿಡಿದು, ‘ಯಪ್ಪಾ, ನೀ ಕರೆಂಟಿಂದೇ ಓದಾಕತ್ತಿಯಲ್ಲ, ಏನರೆ ಮಾಡೋ’ ಎಂದರು. ನಾನು ಫೋನಿನ ಟಾರ್ಚ್ ಹಿಡಿದು ನಿಂತಿದ್ದೆ. ಟಂಟಂನಲ್ಲಿ ಹಾಕಿಕೊಂಡು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಕ್ಕಾಲು ತಾಸು ಕಳೆದಿತ್ತು. ಡ್ಯೂಟಿ ಡಾಕ್ಟರು ಕೇಳಿದ್ದು ಒಂದೇ ಮಾತು: ‘ದಾರಿಯಲ್ಲಿ ಯಾರಾದರೂ ಎದೆ ಒತ್ತಿದಿರಾ?’

ಒತ್ತಿದ್ದರೆ ಕಾಕಾ ಉಳಿಯುತ್ತಿದ್ದರೇ? ಯಾರೂ ಹೇಳಲಾರರು. ಆದರೆ ನಮಗೆ ಉಸಿರೆಂದು ಕಂಡದ್ದು ಉಸಿರೇ ಅಲ್ಲ, ಹೃದಯ ನಿಂತ ಮೇಲೆ ಮಿದುಳು ಬಿಡುವ ಕೊನೆಯ ಏದುಸಿರು ಎಂಬುದು ನನಗೆ ಆಮೇಲೆ ತಿಳಿಯಿತು. ಎದೆ ಒತ್ತಲು ಅದೇ ಸರಿಯಾದ ಹೊತ್ತು. ನಾವು ಆರೇಳು ಜನ ಗಟ್ಟಿ ತೋಳಿನವರು ಸುತ್ತ ನಿಂತು ಅದನ್ನು ಕಳೆದೆವು.

ಲ್ಯಾಬಿಗೆ ಮರಳಿದ ಮೇಲೆ ಆ ಪಟ ಓದಿದೆ. ಬೆನ್ನು ಒತ್ತುವುದು ಶೇಫರ್ ಎಂಬ ಶರೀರಶಾಸ್ತ್ರಜ್ಞ 1903ರಲ್ಲಿ ಹೇಳಿದ ವಿಧಾನ. ತೋಳು ಎಳೆಯುವುದು ಸಿಲ್ವೆಸ್ಟರ್ ಎಂಬ ವೈದ್ಯರದು, ಅದು 1858ರದು. ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಕತ್ತಿ ಹಿಡಿದ ವರ್ಷ! ಎರಡೂ ಉಸಿರು ಆಡಿಸುವ ಉಪಾಯಗಳು. ಹೃದಯ ನಿಂತಿದ್ದರೆ ಎರಡರಿಂದಲೂ ರಕ್ತ ಹರಿಯುವುದಿಲ್ಲ. ವೈದ್ಯಲೋಕ ಅವನ್ನು ಕೈಬಿಟ್ಟು ಅರ್ಧ ಶತಮಾನದ ಮೇಲಾಯಿತು. ನಮ್ಮ ಗೋಡೆ ಮಾತ್ರ ಬಿಟ್ಟಿಲ್ಲ.

ಆ ಪಟ ಅಲ್ಲಿರುವುದು ಅಲಂಕಾರಕ್ಕಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳು ಇಂಥ ಸೂಚನೆಗಳನ್ನು ಸ್ಥಳೀಯ ಭಾಷೆಯಲ್ಲೂ ತೂಗುಹಾಕಬೇಕೆಂದು ಹೇಳಿದವು. ಅಲ್ಲಿ ಕೆಲಸ ಮಾಡುವವರಿಗೆ ಅವನ್ನು ಕೈಯಾರೆ ಮಾಡಲು ಬರಬೇಕೆಂದೂ ಹೇಳಿದವು. ಮೊದಲನೆಯದನ್ನು ಪಾಲಿಸಲು ಒಂದು ಮೊಳೆ ಸಾಕು. ಎರಡನೆಯದಕ್ಕೆ ಕಲಿಸುವ ಮನುಷ್ಯ ಬೇಕು. ನಮ್ಮಲ್ಲಿ ಸಿಪಿಆರ್ ಕುರಿತು ನಡೆದಿರುವುದೆಲ್ಲ ಬಹುಮಟ್ಟಿಗೆ ಮೊಳೆಯ ಕೆಲಸ ಎನ್ನುವುದು ನನ್ನ ವಾದ.

ಹಾಸನದ ಸುದ್ದಿ ಎಲ್ಲರಿಗೂ ನೆನಪಿದೆ. 2025ರ ಜೂನ್, ಜುಲೈ ಹೊತ್ತಿಗೆ ಆ ಒಂದು ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ವರದಿಗಳು ಬಂದವು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಜಯದೇವದ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆಯೇನೂ ಇಲ್ಲ ಎಂದಿತು. ಆದರೂ ಸರ್ಕಾರ ಕೆಲವು ಘೋಷಣೆ ಮಾಡಿತು: ಹಠಾತ್ ಸಾವುಗಳನ್ನು ಅಧಿಸೂಚಿತ ಪಟ್ಟಿಗೆ ಸೇರಿಸುವುದು, ಜನ ಸೇರುವ ಜಾಗಗಳಲ್ಲಿ ಎಇಡಿ ಯಂತ್ರ, ಸಿಪಿಆರ್ ತರಬೇತಿ. ಅದಕ್ಕೂ ಮುಂಚೆ, 2021ರ ಅಕ್ಟೋಬರ್ 29ರಂದು 46ರ ಹರೆಯದ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೆಯೇ ಜನ ಆಸ್ಪತ್ರೆಗಳಿಗೆ ನುಗ್ಗಿದ್ದರು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅದನ್ನು ನೋಡಿ, ಅಗತ್ಯವಿದ್ದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುತ್ತಾರೆ. ಒಳ್ಳೆಯ ಯೋಜನೆ, ಎರಡು ಮಾತಿಲ್ಲ.

ಆದರೆ ಇಲ್ಲೊಂದು ಗೊಂದಲವಿದೆ. ಹೃದಯಾಘಾತ ಮತ್ತು ಹೃದಯ ಸ್ತಂಭನ ಒಂದೇ ಅಲ್ಲ. ಮೊದಲನೆಯದು ಪೈಪಿನ ತೊಂದರೆ, ರಕ್ತನಾಳ ಕಟ್ಟಿಕೊಳ್ಳುತ್ತದೆ, ಮನುಷ್ಯನಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ. ಎರಡನೆಯದು ಕರೆಂಟಿನ ತೊಂದರೆ, ಹೃದಯದ ತಾಳ ಕೆಟ್ಟು ಪಂಪು ನಿಲ್ಲುತ್ತದೆ, ಮನುಷ್ಯ ಕುಸಿದು ಬೀಳುತ್ತಾನೆ. ಮೊದಲನೆಯದು ಎರಡನೆಯದಕ್ಕೆ ತಿರುಗಬಹುದು. ಚುಚ್ಚುಮದ್ದು ಪೈಪಿಗೆ. ಪಂಪೇ ನಿಂತವನಿಗೆ ಮಿದುಳು ಕೆಡಲು ನಾಲ್ಕರಿಂದ ಆರು ನಿಮಿಷ ಸಾಕು. ಎದೆ ಒತ್ತದೆ, ಶಾಕ್ ಕೊಡದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಇಳಿಯುತ್ತದೆ ಎಂಬುದು ವೈದ್ಯರೆಲ್ಲ ಒಪ್ಪುವ ಲೆಕ್ಕ. ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಜಯದೇವ ಆಸ್ಪತ್ರೆ ಉದ್ಘಾಟನೆಯಾಯಿತು, 371(ಜೆ) ವಿಧಿಯ ನೆನಪಿಗೆ ಅಷ್ಟೇ ಹಾಸಿಗೆ. ನಮಗೆಲ್ಲ ಹೆಮ್ಮೆಯೇ. ಶಹಾಪುರದಿಂದ ಅದು 75–80 ಕಿ.ಮೀ., ಸುರಪುರದಿಂದ 100 ದಾಟುತ್ತದೆ. 108 ಎಷ್ಟೇ ಬೇಗ ಬಂದರೂ ಹೊಲದ ದಾರಿಗೆ ನಾಲ್ಕು ನಿಮಿಷದಲ್ಲಿ ಬರಲಾರದು. ಆ ಅಂತರವನ್ನು ತುಂಬಬಲ್ಲದ್ದು ಪಕ್ಕದಲ್ಲಿ ನಿಂತವರ ಎರಡು ಕೈ ಮಾತ್ರ.

ನಮ್ಮ ಕಡೆ ಹೃದಯ ನಿಲ್ಲಲು ಬಿಪಿ, ಶುಗರ್, ಬೀಡಿಯೇ ಬೇಕಿಲ್ಲ. ಪಂಪ್‌ಸೆಟ್ಟಿನ ಶಾಕ್ ಇದೆ. ಮುಂಗಾರಿಗೆ ಮೊದಲು ತೊಗರಿ ಹೊಲ ಹಸನು ಮಾಡುವಾಗ ಬಡಿಯುವ ಸಿಡಿಲಿದೆ. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಹೊಡೆಯುತ್ತದೆಂದು ಇವತ್ತಿಗೂ ನಂಬುವವರಿದ್ದಾರೆ. ಹಾಗೇನೂ ಇಲ್ಲ, ಆ ದೇಹದಲ್ಲಿ ಕರೆಂಟ್ ಉಳಿದಿರುವುದಿಲ್ಲ, ಬೇರೆ ರೋಗವಿಲ್ಲದ ಆ ಹೃದಯ ಎದೆ ಒತ್ತಿದರೆ ಮತ್ತೆ ಮಿಡಿಯುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ನಾರಾಯಣಪುರದ ಕಾಲುವೆಗಳಿವೆ, ಕೃಷ್ಣೆ, ಭೀಮೆ ಇವೆ, ಕೃಷಿ ಹೊಂಡಗಳಿವೆ. ನೀರಲ್ಲಿ ಮುಳುಗಿದವರಿಗೆ ಎದೆ ಒತ್ತುವುದರ ಜತೆ ಬಾಯಿಗೆ ಬಾಯಿಟ್ಟು ಉಸಿರೂ ಕೊಡಬೇಕು. ಮಕ್ಕಳಿಗೂ ಅಷ್ಟೇ. ಹಾಸನದ ಚರ್ಚೆಯೆಲ್ಲ ಜಿಮ್ಮು, ಒತ್ತಡ, ಕೊಲೆಸ್ಟರಾಲಿನ ಸುತ್ತ ಸುತ್ತಿತು. ಯಾದಗಿರಿ ಜಿಲ್ಲೆಯ ಪಟ್ಟಿ ಬೇರೆ, ಅದರಲ್ಲಿ ಪ್ರಾಯದವರೇ ಹೆಚ್ಚು ಬರುತ್ತಾರೆ. ಸಿಪಿಆರ್ ನಮಗೆ ನಗರದವರ ಶೋಕಿಯಲ್ಲ.

ಹಾಗಾಗಿ ಕಲಿಯೋಣ ಎಂದು ಹೊರಟೆ. ಸೇನೆಗೆ ಸೇರುವಷ್ಟು ಕಷ್ಟವಾಗುತ್ತದೆಂದು ಅಂದುಕೊಂಡಿರಲಿಲ್ಲ.

ಮೊದಲು ಎಲ್ಲರ ಹಾಗೆ ಫೋನಿನಲ್ಲಿ ಹುಡುಕಿದೆ. ಕಲಬುರಗಿ, ಹೈದರಾಬಾದ್, ಬೆಂಗಳೂರು ಬಂದವು. ಯಾದಗಿರಿ, ಶಹಾಪುರ, ಸುರಪುರ ಬರಲಿಲ್ಲ. ಒಂದು ತರಬೇತಿ ಕೇಂದ್ರಕ್ಕೆ ಫೋನ್ ಮಾಡಿದಾಗ ಆ ಕಡೆಯವರ ಮೊದಲ ಪ್ರಶ್ನೆ, ‘ನೀವು ಸ್ಟಾಫ್ ನರ್ಸಾ?’ ಅಲ್ಲ ಎಂದೆ. ‘ಎಂಬಿಬಿಎಸ್ಸಾ?’ ಅಲ್ಲ, ಬಿ.ಇ. ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಅವರು ನಡೆಸುವುದು ಬಿಎಲ್‌ಎಸ್, ಅಂದರೆ ಆಸ್ಪತ್ರೆ ಸಿಬ್ಬಂದಿಗೆ ಬೇಕಾದ ಕೋರ್ಸ್. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಆ ಪ್ರಮಾಣಪತ್ರಕ್ಕೆ ಎರಡು ವರ್ಷದ ಆಯುಸ್ಸು, ನರ್ಸಿಂಗ್ ಕೆಲಸಕ್ಕೆ ಹೋಗುವವರು ಅದಕ್ಕಾಗಿ ದುಡ್ಡು ಕಟ್ಟುತ್ತಾರೆ. ಅದೇ ಸಂಸ್ಥೆಯಲ್ಲಿ ಸಾಮಾನ್ಯ ಜನರಿಗೆಂದೇ ಹಾರ್ಟ್‌ಸೇವರ್ ಎಂಬ ಸಣ್ಣ ಕೋರ್ಸ್ ಇದೆಯಲ್ಲ ಎಂದೆ. ‘ಇದೆ, ಆದ್ರೆ ಯಾರೂ ಕೇಳಲ್ಲ, ಬ್ಯಾಚ್ ಆಗಲ್ಲ’ ಎಂದರು. ಕೇಳುತ್ತಿರುವ ನಾನು ಲೆಕ್ಕಕ್ಕೆ ಸಿಗಲಿಲ್ಲ.

ಆಮೇಲೆ ಒಂದು ಆಸ್ಪತ್ರೆಯ ವಿಚಾರಣಾ ಕೌಂಟರಿಗೆ ಹೋದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. ‘ಸಾರ್ವಜನಿಕರಿಗಾ? ಮಾಡ್ತಾರ ನೋಡ್ರಿ ಆಗೀಗ. ನಿಮ್ಮ ಸಂಘದ್ದೋ ಕಾಲೇಜಿಂದೋ ಒಂದು ಲೆಟರ್ ತರ್ರಿ.’ ನಾನು ಒಬ್ಬನೇ ಕಲಿಯಲು ಬಂದಿದ್ದೇನೆ ಎಂದೆ. ‘ಒಬ್ಬರಿಗೆ ಹ್ಯಾಂಗ ಮಾಡ್ತಾರ್ರಿ?’ ಎಂದು ಅವರೇ ನನ್ನನ್ನು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೊಲಕ್ಕೆ ಹೋಗುವ ಕಾಕಿಗೆ, ಮೆಕ್ಕಾ ಗಾಡಿಯಲ್ಲಿಟ್ಟು ಮಾರುವವರಿಗೆ, ಡಿಗ್ರಿ ಮುಗಿಸಿ ಕೆಪಿಎಸ್‌ಸಿ ಓದುತ್ತ ರೂಮಿನಲ್ಲಿರುವವರಿಗೆ ಲೆಟರ್‌ಹೆಡ್ ಎಲ್ಲಿಂದ ಬರಬೇಕು? ಸಂಸ್ಥೆಯೊಂದರ ಒಳಗಿದ್ದರೆ ತರಬೇತಿಯೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಹೊರಗಿದ್ದರೆ ನೀವು ಹುಡುಕಿದರೂ ಸಿಗುವುದಿಲ್ಲ.

ಒಳಗಿದ್ದರೂ ಎಷ್ಟು ಸಿಗುತ್ತದೆ ಎಂಬುದು ಮುಂದಿನ ಕಥೆ. ಒಂದು ಕಾಲೇಜಿನಲ್ಲಿ ಸಿಪಿಆರ್ ತರಬೇತಿ ಎಂದು ಗೊತ್ತಾಗಿ ಓಡಿದೆ. ಸಭಾಂಗಣದಲ್ಲಿ ಸುಮಾರು 200 ಜನ. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರೆರೆದು ಉದ್ಘಾಟನೆ, ಅಧ್ಯಕ್ಷೀಯ ಭಾಷಣ. ಮೇಜಿನ ಮೇಲೆ ಒಂದೇ ಒಂದು ಗೊಂಬೆ, ಸೊಂಟದಿಂದ ಮೇಲಿನದು. ವೈದ್ಯರು ಚೆನ್ನಾಗಿಯೇ ಹೇಳಿದರು, ಅವರಿಗೆ ಸಿಕ್ಕಿದ್ದು 20 ನಿಮಿಷ. ಏಳನೇ ಸಾಲಿನಲ್ಲಿ ಕುಳಿತ ನನಗೆ ಕಂಡದ್ದು ಅವರ ಬೆನ್ನು ಮತ್ತು ಫೋಟೊ ತೆಗೆಯುವವರ ಮೊಣಕೈ. ಕೊನೆಗೆ ‘ಯಾರಾದರೂ ಬನ್ನಿ’ ಎಂದಾಗ ಮುಂದಿನ ಸಾಲಿನಿಂದ ಆರು ಮಂದಿ ಹೋಗಿ ಗೊಂಬೆಯ ಎದೆ ಮುಟ್ಟಿದರು. ವಂದನಾರ್ಪಣೆ ಆಯಿತು, ಉಪ್ಪಿಟ್ಟು ಕೊಟ್ಟರು. ಮರುದಿನ ‘200 ವಿದ್ಯಾರ್ಥಿಗಳಿಗೆ ಸಿಪಿಆರ್ ತರಬೇತಿ’ ಎಂಬ ಸುದ್ದಿ ಬಂತು. ಆ 194ರಲ್ಲಿ ನಾನೂ ಒಬ್ಬ.

ಇದು ಒಂದು ಕಾಲೇಜಿನ ತಪ್ಪಲ್ಲ. ಮೇಲಿನಿಂದಲೇ ಲೆಕ್ಕ ಹಾಗೆ ಬರುತ್ತಿದೆ. 2023ರ ಡಿಸೆಂಬರ್ 6ರಂದು ವೈದ್ಯಕೀಯ ವಿಜ್ಞಾನಗಳ ರಾಷ್ಟ್ರೀಯ ಪರೀಕ್ಷಾ ಮಂಡಳಿ ದೇಶದಾದ್ಯಂತ ಸಿಪಿಆರ್ ಅರಿವಿನ ಕಾರ್ಯಕ್ರಮ ನಡೆಸಿತು, 20 ಲಕ್ಷಕ್ಕೂ ಹೆಚ್ಚು ಜನ ಭಾಗವಹಿಸಿದರು. 2025ರ ಅಕ್ಟೋಬರ್ 13ರಿಂದ 17ರವರೆಗೆ ಕೇಂದ್ರ ಆರೋಗ್ಯ ಸಚಿವಾಲಯ ಸಿಪಿಆರ್ ಜಾಗೃತಿ ಸಪ್ತಾಹ ಮಾಡಿತು. ಆನ್‌ಲೈನ್‌ನಲ್ಲಿ ಪ್ರತಿಜ್ಞೆ ಮಾಡಬಹುದಿತ್ತು, ಕ್ವಿಜ್ ಇತ್ತು. ನಾನೂ ಪ್ರತಿಜ್ಞೆ ಮಾಡಿದೆ. ಇವೆಲ್ಲ ಬೇಡವೆಂದಲ್ಲ. ಸಿಪಿಆರ್ ಎಂಬ ಪದವೇ ಕೇಳದವರು ಈಗ ಕೇಳಿದ್ದಾರೆ. ಆದರೆ ಈಜು ಕುರಿತು ಪ್ರತಿಜ್ಞೆ ಮಾಡಿದವರನ್ನು ನಾವು ಈಜು ಬಲ್ಲವರು ಎನ್ನುವುದಿಲ್ಲವಲ್ಲ.

ಕಾಗದ ಮತ್ತು ಕೈ ಬೇರೆಬೇರೆ ಎಂಬುದಕ್ಕೆ ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಗೊತ್ತಿರುವ ಇನ್ನೊಂದು ಉದಾಹರಣೆ ಇದೆ. ಬಸ್ ನಿರ್ವಾಹಕರ ಲೈಸೆನ್ಸಿಗೆ ಅರ್ಜಿ ಹಾಕುವವರು ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಕೊಡಬೇಕು. ಎಷ್ಟು ದೂರದೃಷ್ಟಿಯ ನಿಯಮ ನೋಡಿ. ಹಳ್ಳಿಹಳ್ಳಿಗೆ ಹೋಗುವ ಪ್ರತಿ ಬಸ್ಸಿನಲ್ಲೂ ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು ಇರಬೇಕೆಂಬ ಲೆಕ್ಕ. ನನ್ನ ಗೆಳೆಯನೊಬ್ಬನ ಬಳಿ ಆ ಪತ್ರ ಇದೆ, ಲ್ಯಾಮಿನೇಷನ್ ಮಾಡಿಸಿಟ್ಟಿದ್ದಾನೆ. ಎದೆ ಎಲ್ಲಿ ಒತ್ತಬೇಕು ಎಂದು ಕೇಳಿದೆ. ‘ಏಜೆಂಟ್ ಮಾಡಿಸಿಕೊಟ್ಟನಪಾ, ನಾ ಹೋಗಿಲ್ಲ’ ಎಂದು ನಕ್ಕ. ಎಲ್ಲರೂ ಹೀಗೆಯೇ ಪಡೆಯುತ್ತಾರೆ ಎನ್ನಲಾರೆ. ಆದರೆ ಹತ್ತಿರದಲ್ಲಿ, ಗೊತ್ತಾದ ದಿನ, ಗೊತ್ತಾದ ಫೀಸಿಗೆ ನಿಜವಾದ ಕ್ಲಾಸ್ ನಡೆಯುತ್ತಿದ್ದರೆ ಏಜೆಂಟನಿಗೆ ಅಲ್ಲಿ ಕೆಲಸ ಇರುತ್ತಿರಲಿಲ್ಲ. ಕಡೇಚೂರು ಕೈಗಾರಿಕಾ ಪ್ರದೇಶದ ಕಂಪನಿಗಳಲ್ಲಿ ಕೆಲಸಕ್ಕೆ ಹೋಗುವವರೂ ಇದನ್ನು ಯೋಚಿಸಬೇಕು. ಕಾರ್ಖಾನೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಹೊಣೆ ಪ್ರಮಾಣಪತ್ರ ಪಡೆದವರ ಕೈಯಲ್ಲಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಬರೆದಿತ್ತು.

ಎಂಜಿನಿಯರಿಂಗ್ ಓದುವವನಿಗೆ ಇದರಲ್ಲೇನು ಆಸಕ್ತಿ ಎಂದು ಕೇಳುವವರಿಗೆ ಒಂದು ಸಂಗತಿ. ಎದೆ ಒತ್ತಿ ರಕ್ತ ಹರಿಸಬಹುದೆಂದು ಜಗತ್ತಿಗೆ ಸಾಬೀತು ಮಾಡಿ ತೋರಿಸಿದ್ದು ಎಲೆಕ್ಟ್ರಿಕಲ್ ವಿಭಾಗದವರು! ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಕೌವೆನ್‌ಹೋವೆನ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ. 1920ರ ದಶಕದಲ್ಲಿ ಲೈನ್‌ಮನ್‌ಗಳು ಶಾಕ್ ಹೊಡೆದು ಸಾಯುವುದು ಹೆಚ್ಚಾದಾಗ ವಿದ್ಯುತ್ ಕಂಪನಿಗಳು ಹಣ ಕೊಟ್ಟು ಈ ಸಂಶೋಧನೆಗೆ ಹಚ್ಚಿದವು. 1958ರಲ್ಲಿ ಅವರ ವಿದ್ಯಾರ್ಥಿ ಗೈ ನಿಕರ್‌ಬಾಕರ್, ಶಾಕ್ ಕೊಡುವ ಭಾರವಾದ ಪ್ಯಾಡಲ್‌ಗಳನ್ನು ನಾಯಿಯ ಎದೆಗೆ ಒತ್ತಿ ಹಿಡಿದಾಗ ರಕ್ತದೊತ್ತಡದ ಮುಳ್ಳು ಏರುವುದನ್ನು ಗಮನಿಸಿದ. ಕರೆಂಟ್ ಕೊಡುವ ಮೊದಲೇ! ಬರೀ ಒತ್ತುವುದರಿಂದಲೇ ರಕ್ತ ಹರಿಯುತ್ತಿತ್ತು. 1960ರಲ್ಲಿ ಶಸ್ತ್ರವೈದ್ಯ ಜೇಮ್ಸ್ ಜೂಡ್ ಜತೆ ಸೇರಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ 20 ರೋಗಿಗಳ ವಿವರವಿತ್ತು, ಅವರಲ್ಲಿ 14 ಮಂದಿ ಬದುಕಿದ್ದರು. ಇದನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾಡಬಹುದು ಎಂಬುದೇ ಆ ಪ್ರಬಂಧದ ತಿರುಳು. ಅದೇ ವರ್ಷ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್, ಜನ ಅಭ್ಯಾಸ ಮಾಡಲೆಂದು ‘ಆನ್’ ಎಂಬ ಗೊಂಬೆ ಮಾಡಿದ. ಎಂಜಿನಿಯರ್, ವಿದ್ಯಾರ್ಥಿ, ಆಟಿಕೆ ಮಾಡುವವ ಸೇರಿ ಕಟ್ಟಿದ ವಿದ್ಯೆ 65 ವರ್ಷಗಳ ಮೇಲೆ ನಮ್ಮ ಕಡೆ ‘ನೀವು ಸ್ಟಾಫ್ ನರ್ಸಾ?’ ಎಂಬ ಪ್ರಶ್ನೆಗೆ ಬಂದು ನಿಂತಿದೆ.

ಡೆನ್ಮಾರ್ಕ್ ಏನು ಮಾಡಿತು ನೋಡಿ. 2005ರಲ್ಲಿ ಶಾಲೆಗಳಲ್ಲಿ ಸಿಪಿಆರ್ ಕಡ್ಡಾಯ ಮಾಡಿತು. 2006ರಿಂದ ಡ್ರೈವಿಂಗ್ ಲೈಸೆನ್ಸ್ ಬೇಕಾದರೂ ಇದನ್ನು ಕಲಿಯಬೇಕು. 2001ರಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಶೇ 21 ಮಂದಿಗೆ ಮಾತ್ರ ಪಕ್ಕದಲ್ಲಿದ್ದವರು ಸಿಪಿಆರ್ ಮಾಡಿದ್ದರು. 2010ಕ್ಕೆ ಅದು ಸುಮಾರು ಶೇ 45ಕ್ಕೆ ಏರಿತು. 30 ದಿನದ ನಂತರವೂ ಬದುಕಿದ್ದವರ ಪ್ರಮಾಣ ಶೇ 3.5ರಿಂದ ಶೇ 10.8ಕ್ಕೆ ಹೋಯಿತು. ಆಂಬುಲೆನ್ಸ್, ಆಸ್ಪತ್ರೆಗಳ ಸುಧಾರಣೆಯೂ ಇದರಲ್ಲಿ ಸೇರಿದೆ, ಎಲ್ಲ ಶ್ರೇಯ ತರಬೇತಿಗೇ ಎನ್ನುವಂತಿಲ್ಲ. ಅದು ಸಣ್ಣ, ಶ್ರೀಮಂತ ದೇಶ, ನಮಗೂ ಅದಕ್ಕೂ ಏನು ಹೋಲಿಕೆ ಎನ್ನಬಹುದು. ಹೋಲಿಕೆ ಹಣದಲ್ಲಿಲ್ಲ. ಜನ ಹೇಗೂ ಹಾದುಹೋಗಲೇಬೇಕಾದ ಬಾಗಿಲುಗಳಲ್ಲಿ ಅವರು ಕ್ಲಾಸ್ ಇಟ್ಟರು, ಅಷ್ಟೇ.

ನಮ್ಮಲ್ಲಿ ಹಾಗೆ ಇಡಲು ಏನಾದರೂ ಇದೆಯೇ? ಇದೆ. ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾದಾಗ ಇರಲಿಲ್ಲ, ಈಗ ಇದೆ. ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದಿದೆ. ಎಂಬಿಬಿಎಸ್ ಸೇರಿದ ಮಕ್ಕಳಿಗೆ ಶುರುವಿನ ಫೌಂಡೇಶನ್ ಕೋರ್ಸಿನಲ್ಲೇ ಪ್ರಥಮ ಚಿಕಿತ್ಸೆ, ಬಿಎಲ್‌ಎಸ್ ಕಲಿಸಬೇಕೆಂಬುದು ಪಠ್ಯಕ್ರಮದಲ್ಲಿದೆ. ನನ್ನ ಜತೆ ಪಿಯುಸಿ ಓದಿ ಬೇರೆ ಜಿಲ್ಲೆಯಲ್ಲಿ ಎಂಬಿಬಿಎಸ್ ಸೇರಿದ ಗೆಳತಿ ಮೊದಲ ವರ್ಷವೇ ಗೊಂಬೆಯ ಮೇಲೆ ಕೈ ಪಳಗಿಸಿಕೊಂಡಳು. ಅವಳಿಗೂ ನನಗೂ ಅದೇ ವಯಸ್ಸು, ಅದೇ ತೋಳು. 108ರಲ್ಲಿ ದಿನವೂ ಇದನ್ನೇ ಮಾಡುವ ತಂತ್ರಜ್ಞರಿದ್ದಾರೆ. ಅರಿವಳಿಕೆ ವೈದ್ಯರು ಇದ್ದಾರೆ, ಅವರ ರಾಷ್ಟ್ರೀಯ ಸಂಘವೇ 2017ರಲ್ಲಿ ಜನಸಾಮಾನ್ಯರಿಗೆಂದು ಬಾಯಿಗೆ ಬಾಯಿ ಇಡದೆ ಬರೀ ಎದೆ ಒತ್ತುವ ಸರಳ ಕ್ರಮ ರೂಪಿಸಿತು, ಅದಕ್ಕೆ ಕೋಲ್ಸ್ ಎಂದು ಹೆಸರು. ಕಲಿಸುವವರೂ ಇದ್ದಾರೆ, ಪಾಠವೂ ಇದೆ. ಇಲ್ಲದಿರುವುದು ಒಂದು ತಾರೀಖು. ತಿಂಗಳ ಎರಡನೇ ಶನಿವಾರ ಬೆಳಿಗ್ಗೆ 10ಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ, ಮೊದಲು ಹೆಸರು ಬರೆಸಿದ 20 ಜನಕ್ಕೆ, ಲೆಟರ್ ಬೇಡ, ಆಧಾರ್ ಬೇಡ ಎಂಬ ಒಂದು ಬೋರ್ಡು ಸಾಕು. ಶಹಾಪುರಕ್ಕೆ ಒಂದು ಶನಿವಾರ, ಸುರಪುರಕ್ಕೆ ಒಂದು, ಯಾದಗಿರಿಗೆ ಒಂದು. ಗೊಂಬೆ ನಾಲ್ಕು ಇದ್ದರೆ ಒಂದೂವರೆ ತಾಸಿನಲ್ಲಿ 20 ಜನರೂ ಬೆವರುವಷ್ಟು ಒತ್ತಬಹುದು. ಪೋಲಿಯೊ ಭಾನುವಾರವನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದ ಇಲಾಖೆಗೆ ಇದು ದೊಡ್ಡ ಕೆಲಸವಲ್ಲ.

ಕಾಲೇಜುಗಳ ಬಗ್ಗೆಯೂ ಒಂದು ಮಾತು. ವಿಟಿಯು ವಿದ್ಯಾರ್ಥಿಗಳು ಪದವಿ ಮುಗಿಸುವ ಹೊತ್ತಿಗೆ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಅದಕ್ಕೆ ನಾವು ಏನೇನು ವರದಿ ಬರೆಯುತ್ತೇವೆ, ಯಾವ ಗಿಡದ ಪಕ್ಕ ನಿಂತು ಫೋಟೊ ತೆಗೆಸುತ್ತೇವೆ ಎಂಬುದು ನಮಗೇ ಗೊತ್ತು. ಎಲೆಕ್ಟ್ರಿಕಲ್ ವಿದ್ಯಾರ್ಥಿ ಲ್ಯಾಬಿಗೆ ಕಾಲಿಡುವ ಮೊದಲು ಗೊಂಬೆಯ ಮೇಲೆ ಎರಡು ನಿಮಿಷ ಒತ್ತಿ ತೋರಿಸಬೇಕು ಎಂದು ಯಾರೂ ಕೇಳಿಲ್ಲ. ಷಂಟ್ ಮೋಟರಿನ ಸ್ಪೀಡ್ ಕಂಟ್ರೋಲ್ ಕೇಳಿದ ವೈವಾದಲ್ಲಿ ಗೋಡೆಯ ಪಟವನ್ನು ಕೇಳಿದವರೂ ಇಲ್ಲ.

ಯೂಟ್ಯೂಬ್ ಇದೆಯಲ್ಲ, ಅದರಲ್ಲೇ ನೋಡಿಕೊಳ್ಳಬಾರದೇ? ಏನೂ ಇಲ್ಲದ್ದಕ್ಕಿಂತ ಖಂಡಿತ ಮೇಲು. ನಾನೂ ಹತ್ತಾರು ನೋಡಿದ್ದೆ. ಕುಸಿದವರನ್ನು ಅಲುಗಿಸಿ ಕರೆಯಬೇಕು, ಓಗೊಡದೆ ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ಫೋನ್ ಮಾಡಿಸಬೇಕು, ಎದೆಯ ನಡುವೆ ಅಂಗೈಯ ಬುಡ ಇಟ್ಟು, ಮೇಲೊಂದು ಕೈ ಇಟ್ಟು, ಮೊಣಕೈ ಬಗ್ಗಿಸದೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಕರೆಂಟ್ ಹೊಡೆದಿದ್ದರೆ ಎಲ್ಲಕ್ಕಿಂತ ಮೊದಲು ಫ್ಯೂಸ್. ಇದೆಲ್ಲ ಬಾಯಿಪಾಠ ಆಗಿತ್ತು. ಕೊನೆಗೆ ಒಬ್ಬ ನರ್ಸಿಂಗ್ ಓದುವ ಅಕ್ಕನ ದಯೆಯಿಂದ ಕಲಬುರಗಿಯಲ್ಲಿ ನಿಜವಾದ ಗೊಂಬೆ ಸಿಕ್ಕಿತು. ಸರಿಯಾದ ಆಳಕ್ಕೆ ಒತ್ತಿದರೆ ಟಿಕ್ ಎನ್ನುವ ಗೊಂಬೆ. ನಾನು ಒತ್ತಿದೆ, ಟಿಕ್ ಅನ್ನಲಿಲ್ಲ. ಇನ್ನೂ ಒತ್ತಿದೆ, ಅನ್ನಲಿಲ್ಲ. ‘ಹೆದರಬ್ಯಾಡ, ಮೈಭಾರ ಹಾಕು’ ಎಂದು ಅಕ್ಕ ಬೆನ್ನ ಮೇಲೆ ಹೊಡೆದರು. 5 ಸೆಂ.ಮೀ. ಎಂದರೆ ಎಷ್ಟೆಂದು ನನ್ನ ತಲೆಗೆ ಗೊತ್ತಿತ್ತು, ಭುಜಕ್ಕೆ ಗೊತ್ತಿರಲಿಲ್ಲ. ಒಂದು ನಿಮಿಷ ದಾಟುವಷ್ಟರಲ್ಲಿ ವೇಗ ತಪ್ಪಿತು, ಎರಡು ನಿಮಿಷಕ್ಕೆ ಕೈ ನಡುಗಿತು. ಎರಡು ನಿಮಿಷಕ್ಕೊಮ್ಮೆ ಜನ ಬದಲಾಗಬೇಕು ಎಂಬ ಸಾಲು ಆಗ ಅರ್ಥವಾಯಿತು. ಅಂದರೆ ಹೊಲದಲ್ಲಿ ಬಲ್ಲವನು ಒಬ್ಬನೇ ಇದ್ದರೆ ಸಾಲದು.

ಹಿರಿಯರು ಎರಡು ಭಯ ಹೇಳುತ್ತಾರೆ. ಪಕ್ಕೆಲುಬು ಮುರಿದರೆ? ಮುರಿಯಬಹುದು, ಆದರೆ ಅದು ಕೂಡಿಕೊಳ್ಳುತ್ತದೆ. ಕೇಸ್ ಆದರೆ? ಈ ವಿಷಯದಲ್ಲಿ ದೇಶಕ್ಕೇ ಮೊದಲು ಕಾನೂನು ಮಾಡಿದ ರಾಜ್ಯ ನಮ್ಮದು. ತುರ್ತು ಹೊತ್ತಿನಲ್ಲಿ ನೆರವಾದವರಿಗೆ ರಕ್ಷಣೆ ಕೊಡುವ 2016ರ ಗುಡ್ ಸಮಾರಿಟನ್ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದೆ. ರಸ್ತೆ ಅಪಘಾತಗಳಿಗೆ 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 134ಎ ಸೆಕ್ಷನ್ನೂ ಬಂದಿದೆ. ಕಾಕಾ ಬಿದ್ದ ರಾತ್ರಿ ನಮ್ಮಲ್ಲಿ ಯಾರೂ ಕೇಸಿಗೆ ಹೆದರಿರಲಿಲ್ಲ. ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಅಷ್ಟೇ.

ಕಲಬುರಗಿಯಲ್ಲಿ ಆ ಕ್ಲಾಸ್ ನಡೆಸಿದ ತರಬೇತುದಾರರನ್ನು ನಮ್ಮ ಕಡೆ ಬರುತ್ತೀರಾ ಎಂದು ಕೇಳಿದೆ. 20 ಜನ ಖಾತ್ರಿ ಇದ್ದರೆ ನಾಲ್ಕು ಗೊಂಬೆ ಕಾರಿನಲ್ಲಿ ಹಾಕಿಕೊಂಡು ಶಹಾಪುರಕ್ಕೆ ಬರುತ್ತೇನೆ, ಡೀಸೆಲ್ ಖರ್ಚು ಕೊಡಿ ಸಾಕು ಎಂದಿದ್ದಾರೆ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪಟ್ಟಿ ಶುರು ಮಾಡಿದ್ದೇನೆ. ನನ್ನ ಕ್ಲಾಸಿನವರು ನಾಲ್ವರು, ಬಸ್‌ಸ್ಟ್ಯಾಂಡಿನ ಹತ್ತಿರದ ಟಂಟಂ ಚಾಲಕರು ಇಬ್ಬರು, ಲ್ಯಾಮಿನೇಷನ್ ಗೆಳೆಯ, ಕಾಕಾನ ಮಗ. ಮೊನ್ನೆ ಕಾಕಿಯೂ ಬಂದು, ‘ಹೆಂಗಸರಿಗೂ ಕಲಸ್ತಾರೇನಪಾ?’ ಎಂದು ಕೇಳಿ ಹೆಸರು ಬರೆಸಿ ಹೋದರು. ಒಂಬತ್ತಾಯಿತು. ಇನ್ನೂ 11 ಹೆಸರು ಬೇಕು.